ಗಾಜು ಮಂಜಾದರೆ ಕಿಟಕಿಯನ್ನೇ ಕೀಳಬೇಕೆ?

ಇಂಗ್ಲೆಂಡಿನ ಯಾವುದೇ ಬಡಾವಣೆಯಲ್ಲಿ ಚಳಿಗಾಲದ ಬೆಳಿಗ್ಗೆ ಒಂದು ಸುತ್ತು ಹಾಕಿ ಬಂದರೆ, ಒಂದಲ್ಲ ಒಂದು ಮನೆಯ ಕಿಟಕಿ ಮಸುಕಾಗಿರುವುದು ಕಾಣುತ್ತದೆ. ಒಳಗಿನಿಂದ ಒರೆಸಿದರೆ ಹೋಗುವುದಿಲ್ಲ, ಹೊರಗಿನಿಂದ ಒರೆಸಿದರೂ ಹೋಗುವುದಿಲ್ಲ. ನೀರು ಕೂತಿರುವುದು ಎರಡು ಗಾಜುಗಳ ನಡುವೆ, ಕೈ ತಲುಪದ ಜಾಗದಲ್ಲಿ. ಮನೆಯವರು ಒಂದು ವರ್ಷ ನೋಡುತ್ತಾರೆ, ಎರಡು ವರ್ಷ ನೋಡುತ್ತಾರೆ, ಕೊನೆಗೆ ಕಿಟಕಿ ಮಾರುವವರಿಗೆ ಫೋನ್ ಮಾಡುತ್ತಾರೆ. ಬಂದವರು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೇಳುವ ಮಾತು ಹೆಚ್ಚಾಗಿ ಒಂದೇ: ಇದರ ಆಯುಸ್ಸು ಮುಗಿದಿದೆ, ಪೂರ್ತಿ ಕಿತ್ತು ಹೊಸದು ಹಾಕಿಸಿ. ಒಂದು ಕಿಟಕಿಗೆಂದು ಶುರುವಾದ ಮಾತು ಇಡೀ ಮನೆಯ ಕಿಟಕಿಗಳಿಗೆ ಬಂದು ನಿಲ್ಲುತ್ತದೆ, ಸಾವಿರಾರು ಪೌಂಡ್‌ಗಳ ಕಂತು ಹೆಗಲೇರುತ್ತದೆ.

ಇದರಲ್ಲಿ ಬಹುಪಾಲು ಖರ್ಚು ಅನಗತ್ಯ. ಹಾಳಾಗಿರುವುದು ಗಾಜಿನ ಜೋಡಿ ಮಾತ್ರ, ಚೌಕಟ್ಟಲ್ಲ. ಇಲ್ಲಿ ಮನೆ ಕೊಂಡಿರುವ ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಾಗಬಾರದು. ನಮ್ಮ ಊರ ಮನೆಯ ಕಿಟಕಿಯ ಗಾಜು ಚೆಂಡು ಬಿದ್ದು ಒಡೆದರೆ ಬಡಗಿ ಬಂದು ಮೊಳೆ ಕಿತ್ತು, ಪಟ್ಟಿ ತೆಗೆದು, ಹೊಸ ಗಾಜು ಕೂರಿಸಿ ಹೋಗುತ್ತಿದ್ದ. ಚೌಕಟ್ಟನ್ನೇ ಗೋಡೆಯಿಂದ ಕೀಳಬೇಕು ಎಂದಿದ್ದರೆ ಮನೆಯ ಹಿರಿಯರು ಅವನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಪ್ಲಾಸ್ಟಿಕ್ ಚೌಕಟ್ಟಿನ ಡಬಲ್ ಗ್ಲೇಜಿಂಗಿಗೂ ಸಲ್ಲುವುದು ಅದೇ ವಿವೇಕ.

ಆದರೆ ಗಾಜು ಬದಲಿಸುವ ಮುನ್ನ ನೀರು ಯಾವ ಮುಖದ ಮೇಲಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಇಲ್ಲಿ ಎಡವಿದವರು ಚೆನ್ನಾಗಿರುವ ಗಾಜನ್ನು ಬಿಸಾಡುತ್ತಾರೆ.

ಕೋಣೆಯ ಒಳಮುಖದ ಮೇಲೆ ಹನಿಗಟ್ಟಿದ್ದರೆ ಅದು ಕಿಟಕಿಯ ರೋಗವಲ್ಲ, ಮನೆಯ ಗಾಳಿಯದು. ಕೋಣೆಯಲ್ಲಿ 20 ಡಿಗ್ರಿ ಶಾಖ, ಶೇಕಡಾ 60ರಷ್ಟು ತೇವ ಇದೆ ಎಂದುಕೊಳ್ಳಿ. ಆ ಗಾಳಿ 12 ಡಿಗ್ರಿಯ ಯಾವ ಮೈಯನ್ನು ಮುಟ್ಟಿದರೂ ಅಲ್ಲಿ ನೀರಾಗುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ನೀರು ಹರಿದೇ ಹರಿಯುತ್ತದೆ. ಹಳೆಯ ಮಾದರಿಯ ಜೋಡಿಗಾಜಿನ ಒಳಮೈ 13 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಅಂಚಿನಲ್ಲಿ ನಿಂತಿರುತ್ತದೆ. ಹೊಸ ಮಾದರಿಯದು 17ರ ಹತ್ತಿರ ಇರುತ್ತದೆ. ನಮ್ಮವರ ಅಡುಗೆಮನೆಗಳಲ್ಲಿ ಬೆಳಿಗ್ಗೆ ಇಡ್ಲಿ ಪಾತ್ರೆ, ಮಧ್ಯಾಹ್ನ ಕುಕ್ಕರಿನ ವಿಸಲ್, ಸಂಜೆ ಕುದಿಯುವ ಸಾರು. ಜೊತೆಗೆ ಹೊರಗೆ ಬಟ್ಟೆ ಒಣಗುವುದಿಲ್ಲವೆಂದು ರೇಡಿಯೇಟರ್ ಮೇಲೆ ಹರವಿದ ಬಟ್ಟೆ. ಈ ಆವಿಯೆಲ್ಲ ಮನೆಯ ಅತ್ಯಂತ ತಣ್ಣನೆಯ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಹೊಸ ಕಿಟಕಿ ಹಾಕಿಸಿದರೆ ಆವಿ ಗೋಡೆಯ ಮೂಲೆಗೆ ಹೋಗಿ ಕಪ್ಪು ಬೂಷ್ಟಾಗಬಹುದು. ಇದಕ್ಕೆ ಮದ್ದು ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನ್, ಪಾತ್ರೆಗೆ ಮುಚ್ಚಳ, ದಿನಕ್ಕೆರಡು ಬಾರಿ ಹತ್ತು ನಿಮಿಷ ತೆರೆದ ಕಿಟಕಿ, ಮತ್ತು ಚೌಕಟ್ಟಿನ ಮೇಲಂಚಿನಲ್ಲಿರುವ ಸಣ್ಣ ಗಾಳಿಗಂಡಿ. ಚಳಿ ಬರುತ್ತದೆಂದು ಆ ಗಂಡಿಗೆ ಟೇಪು ಅಂಟಿಸಿದ ಮನೆಗಳನ್ನು ನಾನು ಕಂಡಿದ್ದೇನೆ; ದಯವಿಟ್ಟು ಅದನ್ನು ಮಾಡಬೇಡಿ.

ಹೊರಮುಖದ ಮೇಲೆ ಮುಂಜಾನೆ ಇಬ್ಬನಿ ಕೂತಿದ್ದರೆ ಸಂತೋಷಪಡಬೇಕು. ಮನೆಯ ಶಾಖ ಹೊರಗಿನ ಗಾಜಿನವರೆಗೆ ತಲುಪುತ್ತಿಲ್ಲ, ಆದ್ದರಿಂದ ಅದು ಆಕಾಶಕ್ಕೆ ಮೈಯೊಡ್ಡಿ ಹುಲ್ಲಿನಷ್ಟೇ ತಣ್ಣಗಾಗಿದೆ. ಒಳ್ಳೆಯ ಗಾಜಿನ ಲಕ್ಷಣ ಅದು. ಬಿಸಿಲು ಬಂದರೆ ತಾನಾಗಿ ಹೋಗುತ್ತದೆ. ಹೊಸ ಕಿಟಕಿ ಹಾಕಿಸಿದ ಮೊದಲ ಶರತ್ಕಾಲದಲ್ಲೇ ಇದನ್ನು ಕಂಡು ಗಾಬರಿಯಾಗುವವರು ಬಹಳ.

ಮೂರನೆಯದು ನಡುವಿನ ನೀರು. ಇದೊಂದೇ ನಿಜವಾದ ಕೆಡುಕು.

ಜೋಡಿಗಾಜಿನ ಒಳಗೇನಿದೆ ಎಂದು ತಿಳಿದರೆ ಅದು ಸಾಯುವ ಬಗೆಯೂ ತಿಳಿಯುತ್ತದೆ. ಎರಡು ಗಾಜಿನ ಹಾಳೆಗಳು, ಸಾಮಾನ್ಯವಾಗಿ ತಲಾ 4 ಮಿಲಿಮೀಟರ್ ದಪ್ಪ. ನಡುವೆ ಸುತ್ತಲೂ ಒಂದು ಟೊಳ್ಳು ಪಟ್ಟಿ. ಹಳೆಯದರಲ್ಲಿ ಅಲ್ಯೂಮಿನಿಯಂ, ಈಚಿನವುಗಳಲ್ಲಿ ಶಾಖ ಕಡಿಮೆ ಸಾಗಿಸುವ ಪ್ಲಾಸ್ಟಿಕ್ ಮಿಶ್ರಣ. ಆ ಟೊಳ್ಳಿನೊಳಗೆ ಜಿಯೋಲೈಟ್ ಎಂಬ ಖನಿಜದ ಸಣ್ಣ ಗುಂಡುಗಳು. ಉಪ್ಪಿನ ಡಬ್ಬಿಯಲ್ಲಿ ನಮ್ಮಮ್ಮಂದಿರು ಹಾಕುತ್ತಿದ್ದ ಅಕ್ಕಿ ಕಾಳಿನ ಕೆಲಸವೇ ಅವುಗಳದು: ಒಳನುಸುಳಿದ ತೇವವನ್ನು ಹೀರಿ ಇಟ್ಟುಕೊಳ್ಳುವುದು. ಪಟ್ಟಿ ಮತ್ತು ಗಾಜಿನ ನಡುವೆ ಬ್ಯುಟೈಲ್ ರಬ್ಬರಿನ ತೆಳು ಅಂಟು. ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ದಪ್ಪ ಅಂಟು. ನಡುವಿನ ಖಾಲಿಯಲ್ಲಿ ಗಾಳಿ, ಈಗೀಗ ಆರ್ಗಾನ್ ಅನಿಲ.

ಈ ಪೆಟ್ಟಿಗೆ ಸುಮ್ಮನೆ ನಿಂತಂತೆ ಕಂಡರೂ ದಿನವಿಡೀ ಉಸಿರಾಡುತ್ತದೆ. ಬಿಸಿಲಿಗೆ ಒಳಗಿನ ಅನಿಲ ಹಿಗ್ಗಿ ಗಾಜು ಹೊರಗುಬ್ಬುತ್ತದೆ, ರಾತ್ರಿ ಕುಗ್ಗಿ ಒಳಗೆ ಬಾಗುತ್ತದೆ. ಅಂಟು ಹದಿನೈದು ಇಪ್ಪತ್ತು ವರ್ಷ ಈ ಎಳೆದಾಟ ತಾಳುತ್ತದೆ. ಅದನ್ನು ಬೇಗ ಕೊಲ್ಲುವುದು ಚೌಕಟ್ಟಿನ ತಳದಲ್ಲಿ ನಿಂತ ನೀರು. ಪ್ಲಾಸ್ಟಿಕ್ ಚೌಕಟ್ಟಿನ ಕೆಳಗೆ ಮಳೆನೀರು ಹರಿದುಹೋಗಲು ಸೀಳುಗಂಡಿಗಳಿರುತ್ತವೆ. ಪಾಚಿ, ಜೇಡದ ಬಲೆ, ಬಣ್ಣ ಬಳಿಯುವವರು ಮೆತ್ತಿದ ಸಿಲಿಕೋನ್ ಇವುಗಳನ್ನು ಮುಚ್ಚಿದರೆ ಗಾಜಿನ ಕೆಳ ಅಂಚು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತದೆ. ಮಂಜು ಬಹಳ ಸಲ ಕೆಳಗಿನ ಮೂಲೆಯಿಂದಲೇ ಏಕೆ ಶುರುವಾಗುತ್ತದೆ ಎಂಬುದಕ್ಕೆ ಉತ್ತರ ಇದು. ವರ್ಷಕ್ಕೊಮ್ಮೆ ತಂತಿಯ ತುಂಡಿನಿಂದ ಆ ಗಂಡಿಗಳನ್ನು ಕೆದಕಿ ಒಂದು ಲೋಟ ನೀರು ಸುರಿದು ನೋಡುವುದು, ಡಬಲ್ ಗ್ಲೇಜಿಂಗಿಗೆ ಮನೆಯವರು ಮಾಡಬಹುದಾದ ಅತಿ ದೊಡ್ಡ ಉಪಕಾರ.

ಗಾಜಿಗೆ ಸಣ್ಣ ತೂತು ಕೊರೆದು, ಒಳಗೆ ಒಣಗಿಸಿ, ಮುಚ್ಚಳ ಹಾಕಿ ಕೊಡುವವರೂ ಇದ್ದಾರೆ. ನನಗೆ ಆ ಉಪಾಯದಲ್ಲಿ ನಂಬಿಕೆ ಇಲ್ಲ. ಸೋತ ಅಂಟು ಸೋತೇ ಇರುತ್ತದೆ, ಗುಂಡುಗಳು ನೀರು ಕುಡಿದು ತುಂಬಿಯೇ ಇರುತ್ತವೆ, ಇದ್ದಬದ್ದ ಆರ್ಗಾನೂ ಹೋಗಿರುತ್ತದೆ. ಗಾಜು ಕೆಲಕಾಲ ತಿಳಿಯಾಗಿ ಕಾಣಬಹುದು, ಅಷ್ಟೇ.

ಎರಡು ಪದರದ ಯೋಚನೆ ಹೊಸದೇನಲ್ಲ. ರಷ್ಯಾ, ವಿಯೆನ್ನಾ ಕಡೆಯ ಹಳೆಯ ಮನೆಗಳಲ್ಲಿ ಒಂದರ ಹಿಂದೊಂದು ಎರಡು ಕಿಟಕಿಗಳೇ ಇರುತ್ತಿದ್ದವು. ಎರಡು ಗಾಜನ್ನು ಅಂಚಿನಲ್ಲಿ ಮುಚ್ಚಿ ಒಂದೇ ಹಲಗೆಯಾಗಿಸುವ ಪೇಟೆಂಟನ್ನು ಅಮೆರಿಕದ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪಡೆದ. ಅದನ್ನು ಕಾರ್ಖಾನೆಯ ಸರಕಾಗಿಸಿದ್ದು 1930ರ ದಶಕದಲ್ಲಿ ಬಂದ ಥರ್ಮೋಪೇನ್. 1959ರಲ್ಲಿ ಅಲಸ್ಟರ್ ಪಿಲ್ಕಿಂಗ್‌ಟನ್ ಅವರ ತಂಡ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟಾಗಿಸುವ ವಿಧಾನವನ್ನು ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಿಂದ ಪ್ರಕಟಿಸಿದ ಮೇಲೆ ಒಳ್ಳೆಯ ಗಾಜು ಅಗ್ಗವಾಯಿತು. ಬ್ರಿಟನ್ನಿನಲ್ಲಿ ಇದು ಮನೆಮಾತಾದದ್ದು 1970ರ ದಶಕದ ತೈಲ ಬಿಕ್ಕಟ್ಟಿನ ನಂತರ. 1980ರ ದಶಕದ, ಎವರೆಸ್ಟ್ ಎಂಬ ಕಿಟಕಿ ಕಂಪನಿಯ ಟಿವಿ ಜಾಹೀರಾತನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ: ದೇಶದ ಅತಿ ಎತ್ತರದ ಪಬ್ ಆದ ಟ್ಯಾನ್ ಹಿಲ್ ಇನ್‌ನಲ್ಲಿ, ಹೊರಗೆ ಗಾಳಿ ಬೀಸುತ್ತಿರುವಾಗ, ಟೆಡ್ ಮೌಲ್ಟ್ ಎಂಬಾತ ಕಿಟಕಿಯ ಬಳಿ ಒಂದು ಗರಿಯನ್ನು ಕೈಬಿಡುತ್ತಾನೆ, ಗರಿ ಅಲುಗದೆ ನೇರ ಕೆಳಗಿಳಿಯುತ್ತದೆ.

ಅಳತೆ, ಪಟ್ಟಿ, ಪ್ಯಾಕರ್

ಗಾಜು ಬದಲಿಸುವ ಕೆಲಸದಲ್ಲಿ ಅರ್ಧ ಭಾಗ ಅಳತೆಯೇ. ನೆಲಮಹಡಿಯ ಸಣ್ಣ ಕಿಟಕಿಯನ್ನು ಕೈಗೆ ಅಭ್ಯಾಸವಿರುವವರು ತಾವೇ ಮಾಡಿಕೊಳ್ಳಬಹುದು. ದೊಡ್ಡದಕ್ಕೆ, ಮಹಡಿಯದಕ್ಕೆ ಗಾಜಿನ ಕೆಲಸದವರನ್ನೇ ಕರೆಯಬೇಕು. ಗಾಜಿನ ತೂಕ ದಪ್ಪದ ಪ್ರತಿ ಮಿಲಿಮೀಟರಿಗೆ ಚದರ ಮೀಟರಿಗೆ ಎರಡೂವರೆ ಕಿಲೋ. ಹಾಗಾಗಿ ಒಂದೂವರೆ ಚದರ ಮೀಟರಿನ ಸಾಧಾರಣ ಜೋಡಿಗಾಜು 30 ಕಿಲೋ ತೂಗುತ್ತದೆ; ಏಣಿಯ ಮೇಲೆ ನಿಂತು ಹಿಡಿಯುವ ವಸ್ತು ಅಲ್ಲ. ಕರೆಯುವಾಗ ಕಿಟಕಿ ಮಾರುವ ಅಂಗಡಿಯ ಬದಲು, ಜೋಡಿಗಾಜನ್ನು ಮಾತ್ರ ಮಾಡಿ ಕೂರಿಸುವ ಊರಿನ ಗಾಜಿನವರನ್ನು ಹುಡುಕಿ. ಅವರೂ ನಾನಿಲ್ಲಿ ಹೇಳುವುದನ್ನೇ ಮಾಡುತ್ತಾರೆ. ತಿಳಿದಿದ್ದರೆ ನಿಂತು ನೋಡಬಹುದು.

ಗಾಜನ್ನು ಹಿಡಿದಿಟ್ಟಿರುವುದು ಸುತ್ತಲಿನ ನಾಲ್ಕು ಪ್ಲಾಸ್ಟಿಕ್ ಪಟ್ಟಿಗಳು. ಅಂಟಿಲ್ಲ, ಮೊಳೆಯಿಲ್ಲ, ಚೌಕಟ್ಟಿನ ಗಾಡಿಯೊಳಗೆ, ಅಂದರೆ ತೋಡಿನೊಳಗೆ, ಒತ್ತಿ ಕೂರಿಸಿದವು. ಎಲ್ಲಕ್ಕಿಂತ ಉದ್ದದ ಪಟ್ಟಿಯ ನಟ್ಟನಡುವೆ, ಪಟ್ಟಿ ಮತ್ತು ಚೌಕಟ್ಟು ಸೇರುವ ಗೆರೆಗೆ ತೆಳ್ಳನೆಯ ಗಟ್ಟಿ ಪುಟ್ಟಿ ಚಾಕುವನ್ನು ತೂರಿಸಿ ಮೆಲ್ಲನೆ ಮೀಟಿದರೆ ಅದು ಬಿಲ್ಲಿನಂತೆ ಬಾಗಿ ಕಳಚುತ್ತದೆ. ನಾಲ್ಕನ್ನೂ ತೆಗೆಯುವಾಗ ಯಾವುದು ಎಲ್ಲಿಯದೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಕೊನೆಯ ಪಟ್ಟಿ ತೆಗೆಯುವ ಹೊತ್ತಿಗೆ ಇನ್ನೊಬ್ಬರು ಗಾಜಿಗೆ ಅಂಗೈ ಒತ್ತಿ ನಿಂತಿರಬೇಕು. ಕೈಗವಸು, ಗಟ್ಟಿ ಶೂ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಹೊರಬಂದ ಹಳೆಯ ಗಾಜಿನ ಅಗಲ, ಎತ್ತರವನ್ನು ಎರಡೆರಡು ಕಡೆ ಅಳೆಯಿರಿ. ಅದಕ್ಕಿಂತ ಮುಖ್ಯ ಒಟ್ಟು ದಪ್ಪ: 20, 24, 28 ಮಿಲಿಮೀಟರ್ ಸಾಮಾನ್ಯ. ಚೌಕಟ್ಟಿನ ಗಾಡಿ ಆ ದಪ್ಪಕ್ಕೆಂದೇ ಮಾಡಿದ್ದು, ಅದನ್ನು ಬದಲಿಸಲಾಗದು. ಗಾಜುಗಳ ನಡುವಿನ ಪಟ್ಟಿಯ ಮೇಲೆ ಬೆಳಕು ಬಿಟ್ಟು ಇಣುಕಿದರೆ ತಯಾರಕರ ಹೆಸರು, ಅನೇಕ ಸಲ ತಯಾರಾದ ವರ್ಷವೂ ಅಚ್ಚಾಗಿರುತ್ತದೆ. ಮೂಲೆಯಲ್ಲಿ ಸಣ್ಣ ಮುದ್ರೆ ಇದ್ದರೆ ಅದು ಬಲಪಡಿಸಿದ ಗಾಜು. ಬಾಗಿಲು, ಬಾಗಿಲ ಪಕ್ಕ, ನೆಲದಿಂದ 800 ಮಿಲಿಮೀಟರಿಗಿಂತ ಕೆಳಗೆ ಬರುವ ಕಿಟಕಿ ಇಂಥ ಕಡೆ ಹೊಸದೂ ಅಂಥದ್ದೇ ಆಗಿರಬೇಕು. ಮಕ್ಕಳು ಓಡಿಬಂದು ಬೀಳುವ ಎತ್ತರ ಅದು. ಬಲಪಡಿಸಿದ ಗಾಜನ್ನು ಆಮೇಲೆ ಒಂದು ಎಳೆಯಷ್ಟೂ ಕತ್ತರಿಸಲು ಬರುವುದಿಲ್ಲ. ಅಳತೆ ತಪ್ಪಿದರೆ ಆ ಗಾಜು ಪೂರ್ತಿ ನಷ್ಟ.

ಕೂರಿಸುವಾಗ ಗಾಜು ಚೌಕಟ್ಟಿನ ತಳವನ್ನು ನೇರವಾಗಿ ಮುಟ್ಟಬಾರದು. ಕೆಳಗೆ ಪ್ಲಾಸ್ಟಿಕ್ ಬಿಲ್ಲೆಗಳನ್ನು, ಇಲ್ಲಿನ ಕೆಲಸದವರು ಪ್ಯಾಕರ್ ಎನ್ನುವುದನ್ನು, ಇಟ್ಟು ಅದರ ಮೇಲೆ ನಿಲ್ಲಿಸಬೇಕು. ನೀರು ಅದರಡಿ ಹರಿಯಬೇಕು, ಸುತ್ತ 5 ಮಿಲಿಮೀಟರಿನಷ್ಟು ಬಿಡುವಿರಬೇಕು. ಈ ಕೆಲಸದ ನಿಜವಾದ ಜಾಣತನ ಇರುವುದು ತೆರೆಯುವ ರೆಕ್ಕೆಗಳಲ್ಲಿ. ಪ್ಲಾಸ್ಟಿಕ್ ರೆಕ್ಕೆ ತನ್ನಷ್ಟಕ್ಕೆ ತಾನು ಚೌಕವಾಗಿ ನಿಲ್ಲಲಾರದು, ಹಿಡಿಯ ಕಡೆ ಜೋತುಬೀಳುತ್ತದೆ. ಕೀಲಿನ ಕಡೆಯ ಕೆಳಮೂಲೆಯಲ್ಲೊಂದು ಪ್ಯಾಕರ್, ಅದಕ್ಕೆ ಕರ್ಣವಾಗಿ ಹಿಡಿಯ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು ಬಿಗಿದರೆ, ಗಟ್ಟಿಯಾದ ಗಾಜೇ ಆಧಾರವಾಗಿ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಕೆಳಗೆ ಉಜ್ಜುತ್ತದೆ, ಚಿಲಕ ಕೂಡುತ್ತಿಲ್ಲ ಎಂದು ಜನ ಬಿಸಾಡುವ ಅನೇಕ ಕಿಟಕಿಗಳಿಗೆ ಬೇಕಾಗಿದ್ದದ್ದು ಈ ಎರಡು ಬಿಲ್ಲೆಗಳನ್ನು ಸರಿಯಾಗಿ ಇಡುವವರು. ಆಮೇಲೆ ಗಿಡ್ಡ ಪಟ್ಟಿಗಳು ಮೊದಲು, ಉದ್ದದವು ಕೊನೆಗೆ. ರಬ್ಬರಿಗೆ ತುಸು ಸೋಪಿನ ನೀರು ಸವರಿ ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿದರೆ ಕೆಲಸ ಮುಗಿಯಿತು.

ಹಿಡಿ ಸಡಿಲವಾಗಿರುವುದು, ಒಳಗಿನ ಲಾಕಿನ ಪೆಟ್ಟಿಗೆ ಕೆಟ್ಟಿರುವುದು, ಕೀಲಿನ ಉಕ್ಕು ಸವೆದು ಗಾಳಿ ನುಗ್ಗುವುದು, ರಬ್ಬರ್ ಒಣಗಿ ಸೀಳಿರುವುದು ಇವೆಲ್ಲ ಬಿಡಿಭಾಗಗಳ ಮಾತು. ಹಳೆಯದನ್ನು ಬಿಚ್ಚಿ ಅಳತೆ ನೋಡಿ ಅಂಥದ್ದೇ ತಂದರೆ ಸರಿಹೋಗುತ್ತದೆ.

ಹೊಸ ಕಿಟಕಿಯಿಂದ ಶಾಖ ಉಳಿಯುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಲೇಪವಿಲ್ಲದ ಹಳೆಯ ಜೋಡಿಗಾಜು ಪ್ರತಿ ಚದರ ಮೀಟರಿಗೆ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 2.8 ವ್ಯಾಟ್ ಶಾಖ ಬಿಡುತ್ತದೆ. ಲೋಹದ ತೆಳು ಲೇಪ ಮತ್ತು ಆರ್ಗಾನ್ ಇರುವ ಹೊಸದು ಸುಮಾರು 1.2 ವ್ಯಾಟ್. ಇಂಗ್ಲೆಂಡಿನ ಸರಾಸರಿ ಚಳಿಗೆ ಒಂದೂವರೆ ಚದರ ಮೀಟರ್ ಗಾಜಿನಿಂದ ವರ್ಷಕ್ಕೆ ಉಳಿಯುವುದು ಹತ್ತಿರಹತ್ತಿರ 115 ಯೂನಿಟ್ ಶಾಖ. ಗ್ಯಾಸ್ ಯೂನಿಟ್ಟಿಗೆ 6–7 ಪೆನ್ಸ್ ಇದ್ದರೆ ಅದು 8 ಪೌಂಡ್ ಆಸುಪಾಸು. ನೂರಾರು ಪೌಂಡಿನ ಕಿಟಕಿ ಆ ದುಡ್ಡನ್ನು ಹಿಂತಿರುಗಿಸಲು ದಶಕಗಳೇ ಬೇಕು. ಆದರೆ ಮಂಜಾದ ಗಾಜನ್ನು ಹೇಗೂ ಬದಲಿಸುತ್ತಿದ್ದೀರಲ್ಲ, ಆಗ ಲೇಪದ ಗಾಜನ್ನೇ ಕೇಳಿ ಹಾಕಿಸಿದರೆ ಗಾಜಿನ ಪಾಲಿನ ಉಳಿತಾಯವೆಲ್ಲ ಹಳೆಯ ಚೌಕಟ್ಟಿನಲ್ಲೇ ಸಿಗುತ್ತದೆ. ಈ ವಿಷಯವನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ.

ಚೌಕಟ್ಟನ್ನೇ ಬದಲಿಸಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಮರ ಕೊಳೆತು ಬೆರಳಿಗೆ ಪುಡಿಯಾಗುತ್ತಿದ್ದರೆ, ಪ್ಲಾಸ್ಟಿಕ್ ಸೊಟ್ಟಗಾಗಿದ್ದರೆ, ಒಳಹೊರಗನ್ನು ನೇರ ಸೇರಿಸುವ 1970ರ ದಶಕದ ಅಲ್ಯೂಮಿನಿಯಂ ಆಗಿದ್ದರೆ ಬದಲಿಸುವುದೇ ಸರಿ. ಆಗ ಕಾನೂನಿನ ಕಡೆಯೂ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ಬದಲಿ ಕಿಟಕಿಗಳು ಕಟ್ಟಡ ನಿಯಮಗಳಡಿ ಬರುತ್ತವೆ. ಫೆನ್ಸಾದಂಥ ಯೋಜನೆಯಲ್ಲಿ ನೋಂದಾಯಿಸಿಕೊಂಡವರು ಕೂರಿಸಿದರೆ ಪ್ರಮಾಣಪತ್ರ ಕೊಡುತ್ತಾರೆ. ಮನೆ ಮಾರುವಾಗ ವಕೀಲರು ಅದನ್ನು ಕೇಳುತ್ತಾರೆ. 2022ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಚೌಕಟ್ಟೂ ಸೇರಿ ಬದಲಿ ಕಿಟಕಿಯ ಶಾಖನಷ್ಟ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.4 ವ್ಯಾಟ್ ಮೀರಬಾರದು, ಅಥವಾ ಕಿಟಕಿ ಕನಿಷ್ಠ ಬಿ ದರ್ಜೆಯದಾಗಿರಬೇಕು. ಮನೆಯ ಗಾಳಿಯಾಟ ಮೊದಲಿಗಿಂತ ಕೆಡಲೂಬಾರದು. ಚೌಕಟ್ಟು ಉಳಿಸಿ ಗಾಜು ಮಾತ್ರ ಬದಲಿಸಿದರೆ ಈ ಪ್ರಮಾಣಪತ್ರದ ಅಗತ್ಯವಿಲ್ಲ.

ವಿಕ್ಟೋರಿಯನ್ ಕಾಲದ, ಮೇಲೆ ಕೆಳಗೆ ಜಾರುವ ಮರದ ಕಿಟಕಿಗಳ ಬಗ್ಗೆ ನನಗೆ ವಿಶೇಷ ಕಾಳಜಿ. ನಿಧಾನವಾಗಿ ಬೆಳೆದ ಮರದಿಂದ ಮಾಡಿದ ಅವು ನೂರು ವರ್ಷ ದಾಟಿಯೂ ದುರಸ್ತಿಗೆ ಬಗ್ಗುತ್ತವೆ. ಅವುಗಳ ಒಳಗಡೆ ಪ್ರತ್ಯೇಕ ಎರಡನೇ ಗಾಜಿನ ಚೌಕಟ್ಟು ಹಾಕಿದರೆ ಚಳಿಯೂ ತಗ್ಗುತ್ತದೆ, ರಸ್ತೆಯ ಸದ್ದೂ ತಗ್ಗುತ್ತದೆ. ಇನ್ನೊಂದು ದಾರಿ ನಿರ್ವಾತದ ಗಾಜು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಕಾಲಿನ್ಸ್ ಅವರ ತಂಡ ರೂಪಿಸಿ, ಜಪಾನಿನ ನಿಪ್ಪಾನ್ ಶೀಟ್ ಗ್ಲಾಸ್ 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಇದರಲ್ಲಿ ಎರಡು ಗಾಜುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಕಣ್ಣಿಗೆ ಚುಕ್ಕೆಯಂತೆ ಕಾಣುವ ಕಂಬಗಳು ಅವನ್ನು ದೂರ ಹಿಡಿದಿರುತ್ತವೆ. ಒಟ್ಟು ದಪ್ಪ ಕಡಿಮೆ ಇರುವುದರಿಂದ ಹಳೆಯ ಮರದ ಗಾಡಿಯಲ್ಲೇ ಕೂರುತ್ತದೆ. ಬೆಲೆ ಹೆಚ್ಚು, ಆದರೆ ಕಿಟಕಿ ಉಳಿಯುತ್ತದೆ.

ಬೆಂಗಳೂರಿಗೆ ಬಂದಾಗ

ಈ ಜೋಡಿಗಾಜು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ಇಂಗ್ಲೆಂಡಿನ ಪಾಠವನ್ನು ಇಲ್ಲಿ ಹಾಗೇ ಒಪ್ಪಿಸಿದರೆ ದುಡ್ಡು ವ್ಯರ್ಥ. ಇಲ್ಲಿ ಒಳಹೊರಗಿನ ಶಾಖದ ಅಂತರ ವರ್ಷದ ಬಹುಭಾಗ ಅಲ್ಪ. ಎಸಿ ಇಲ್ಲದ ಮನೆಗೆ ಚಳಿಯ ಲೆಕ್ಕದಲ್ಲಿ ಜೋಡಿಗಾಜು ಬೇಕಿಲ್ಲ. ತೊಂದರೆ ಕೊಡುವುದು ಪಶ್ಚಿಮದ ಬಿಸಿಲು, ಅದನ್ನು ತಡೆಯಬೇಕಾದ್ದು ಗಾಜಿಗೆ ಬೀಳುವ ಮುಂಚೆ. ನಮ್ಮ ಹಳೆಯ ಮನೆಗಳ ಸಜ್ಜೆ ಮಾಡುತ್ತಿದ್ದದ್ದೂ, ಹೊರಗಿನ ಬಿದಿರು ಪರದೆ ಮಾಡುವುದೂ ಅದನ್ನೇ. ಭಾರತದ ವಸತಿ ಕಟ್ಟಡಗಳ ಇಂಧನ ನಿಯಮಾವಳಿಯಾದ 2018ರ ಇಕೋ ನಿವಾಸ್ ಸಂಹಿತೆ ಮನೆಯ ಹೊರಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟಿನ ಮಿತಿ ಹಾಕಿದೆ. ಅದೇ ಸಂಹಿತೆ ಕಿಟಕಿ ಎಷ್ಟು ತೆರೆಯಬೇಕೆಂಬುದನ್ನೂ ಹೇಳುತ್ತದೆ. ಲೇಪದ ಗಾಜು ಹಾಕಿಸುವುದೇ ಆದರೆ ಲೇಪ ಯಾವ ಮುಖದಲ್ಲಿದೆ ಎಂದು ಕೇಳಿ. ಚಳಿನಾಡಿನಲ್ಲಿ ಅದು ಒಳಗಾಜಿನ ಹೊರಮುಖದಲ್ಲಿರುತ್ತದೆ, ಬಿಸಿಲುನಾಡಿನಲ್ಲಿ ಹೊರಗಾಜಿನ ಒಳಮುಖದಲ್ಲಿರಬೇಕು. ರಾತ್ರಿ ಲೈಟರಿನ ಜ್ವಾಲೆಯನ್ನು ಗಾಜಿನ ಮುಂದೆ ಹಿಡಿದರೆ ನಾಲ್ಕು ಪ್ರತಿಬಿಂಬ ಕಾಣುತ್ತವೆ; ಬಣ್ಣ ಬೇರೆ ಇರುವುದು ಲೇಪದ ಮುಖ.

ಬೆಂಗಳೂರಿನಲ್ಲಿ ಜೋಡಿಗಾಜಿಗೆ ಇರುವ ನಿಜವಾದ ಕಾರಣ ಸದ್ದು. ಆದರೆ ಎರಡೂ ಗಾಜು ಒಂದೇ ದಪ್ಪವಿದ್ದರೆ ಕೆಲವು ಸ್ವರಗಳಿಗೆ ಎರಡೂ ಒಟ್ಟಿಗೇ ಕಂಪಿಸಿ ಸದ್ದನ್ನು ದಾಟಿಸಿಬಿಡುತ್ತವೆ. ಒಂದು 4, ಇನ್ನೊಂದು 6 ಮಿಲಿಮೀಟರ್ ಇರಲಿ. ಸಾಧ್ಯವಾದರೆ ಒಂದು ನಡುವೆ ಪದರವಿರುವ ಲ್ಯಾಮಿನೇಟೆಡ್ ಗಾಜಾಗಿರಲಿ. ಬಿಲ್ಡರುಗಳು ಇಷ್ಟಪಡುವ ಜಾರು ಕಿಟಕಿಯ ಅಂಚಿಗೆ ಬರೀ ಬ್ರಷ್ಷಿನಂಥ ನಾರು ಇರುತ್ತದೆ. ಸದ್ದು ಅಲ್ಲಿಂದಲೇ ನುಸುಳುತ್ತದೆ. ರಬ್ಬರನ್ನು ಒತ್ತಿ ಮುಚ್ಚುವ ರೆಕ್ಕೆಯ ಕಿಟಕಿ ಬೇಕು. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 10ರಷ್ಟು ಕಡಿಮೆ. ಸಮುದ್ರಮಟ್ಟದ ಊರಿನಲ್ಲಿ ಮುಚ್ಚಿ ತಂದ ಜೋಡಿಗಾಜು ಇಲ್ಲಿ ಉಬ್ಬಿಯೇ ನಿಲ್ಲುತ್ತದೆ, ಅಂಟಿನ ಮೇಲೆ ಮೊದಲ ದಿನದಿಂದಲೇ ಎಳೆತ ಬೀಳುತ್ತದೆ. ಗಾಜನ್ನು ಎಲ್ಲಿ ಮುಚ್ಚಿದರು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಇಲ್ಲಿನ ಗಾಜುಗಳೂ ಹದಿನೈದು ಇಪ್ಪತ್ತು ವರ್ಷಕ್ಕೆ ಮಂಜಾಗುತ್ತವೆ. ಹತ್ತನೇ ಮಹಡಿಯ ಕಿಟಕಿಗೆ ಅಂದು ಸರಿಯಾದ ಗಾಜು ತರಿಸಬೇಕಾದರೆ ಬೇಕಾಗುವ ಮಾಹಿತಿ ಇಂದೇ ಸುಲಭವಾಗಿ ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂಘದವರು ಬಿಲ್ಡರಿನಿಂದ ಪ್ರತಿ ಮಾದರಿಯ ಜೋಡಿಗಾಜಿನ ಅಗಲ, ಎತ್ತರ, ದಪ್ಪ, ಲೇಪದ ಮುಖ, ಚೌಕಟ್ಟು ಮಾಡಿದ ಕಂಪನಿಯ ಪ್ರೊಫೈಲ್ ಸಂಖ್ಯೆ ಬರೆಸಿಕೊಳ್ಳಬೇಕು. ಗಾಜು ಹಿಡಿಯುವ ಪಟ್ಟಿಗಳ ಕೆಲವು ಉದ್ದಗಳನ್ನು, ರಬ್ಬರಿನ ಒಂದು ಸುರುಳಿಯನ್ನು ಸಂಘದ ಉಗ್ರಾಣದಲ್ಲಿ ತೆಗೆದಿಟ್ಟುಕೊಳ್ಳಬೇಕು. ಪ್ರೊಫೈಲ್ ಮಾದರಿಗಳು ಬದಲಾಗುತ್ತಲೇ ಇರುತ್ತವೆ, ಮುರಿದ ಒಂದು ಪಟ್ಟಿ ಸಿಗದೆ ಇಡೀ ಕಿಟಕಿಯನ್ನು ಕೀಳಬೇಕಾಗಿ ಬರುವುದು ಆಗಲೇ.